ಪ್ರಥಮ ದರ್ಶನದ ಬೆಲೆ

1938ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಬೀದಿಬದಿಯ ಪತ್ರಿಕೆಯಂಗಡಿಗಳಿಗೆ ಒಂದು ಹೊಸ ಮಾಸಪತ್ರಿಕೆಯು ಬಂದಿತು. ಹೆಸರು ‘ಆ್ಯಕ್ಷನ್ ಕಾಮಿಕ್ಸ್’. ಹೊದಿಕೆಯ ಮೇಲೆ ಅಚ್ಚಾಗಿದ್ದ ತಿಂಗಳು ಜೂನ್. ಬೆಲೆ 10 ಸೆಂಟು. ವೃತ್ತಪತ್ರಿಕೆಗೆ ಉಪಯೋಗಿಸುವ ಅಗ್ಗದ ಕಾಗದದ ಮೇಲೆ ಬಣ್ಣದ ಚಿತ್ರಗಳನ್ನು ಅಚ್ಚುಮಾಡಿ, ಹಾಳೆಗಳನ್ನು ಮಡಿಸಿ, ಬೆನ್ನಿಗೆ ಎರಡು ತಂತಿಯ ಪಿನ್ನುಗಳನ್ನು ಹೊಡೆದರೆ ಆ ಪುಸ್ತಕವು ಸಿದ್ಧವಾಗುತ್ತಿದ್ದಿತು. ಅದರ ಹೊದಿಕೆಯ ಮೇಲೆ, ಮೈಗಂಟಿದ ನೀಲಿ ಉಡುಪನ್ನೂ ಕೆಂಪು ಮೇಲ್ವಸ್ತ್ರವನ್ನೂ ಧರಿಸಿದ ಗಂಡಸೊಬ್ಬನು ಹಸುರು ಬಣ್ಣದ ಮೋಟಾರುಗಾಡಿಯೊಂದನ್ನು ತಲೆಯ ಮೇಲಕ್ಕೆತ್ತಿ ಬಂಡೆಗೆ ಅಪ್ಪಳಿಸುತ್ತಿರುವನು. ಸುತ್ತಲಿನವರು ದಿಕ್ಕುಗೆಟ್ಟು ಓಡುತ್ತಿರುವರು. ಸೂಪರ್‌ಮ್ಯಾನ್ ಎಂಬ ಪಾತ್ರವು ಲೋಕಕ್ಕೆ ಮೊದಲು ಕಾಣಿಸಿಕೊಂಡುದು ಹೀಗೆ. ಅದೇ ಸಂಚಿಕೆಯ ಒಂದು ಪ್ರತಿಯು 2024ರಲ್ಲಿ ಹರಾಜಿನಲ್ಲಿ 60 ಲಕ್ಷ ಡಾಲರಿಗೆ ಮಾರಾಟವಾಯಿತು. ಹತ್ತು ಸೆಂಟಿನ ಸರಕು ಎಂಬತ್ತಾರು ವರ್ಷಗಳಲ್ಲಿ ಆರು ಕೋಟಿ ಪಟ್ಟು ಬೆಳೆಯಿತೆಂದರೆ, ಕೇಳಿದವರು ಮೊದಲು ನಗುವರು. ಬಳಿಕ ಕಾರಣವನ್ನು ವಿಚಾರಿಸುವರು. ವಿಚಾರಿಸತಕ್ಕ ವಿಷಯವೇ ಅಹುದು.

ಕಥೆಯನ್ನು ಓದಬೇಕೆಂಬ ಆಸೆ ಈ ಬೆಲೆಗೆ ಕಾರಣವಲ್ಲವೆಂಬುದು ಸ್ಪಷ್ಟ. ಆ ಹದಿಮೂರು ಪುಟಗಳ ಕಥೆಯು ಅನೇಕಾವರ್ತಿ ಪುನರ್ಮುದ್ರಣವಾಗಿದೆ. ಬೇಕಾದವರು ಅಲ್ಪಸ್ವಲ್ಪ ವೆಚ್ಚದಲ್ಲಿ, ಮೂಲಕ್ಕಿಂತ ಒಳ್ಳೆಯ ಕಾಗದದ ಮೇಲೆ ಅದನ್ನು ಓದಬಹುದು. ಚಿತ್ರದ ಸೊಗಸಿಗಾಗಿ ಕೊಟ್ಟ ಬೆಲೆಯೆನ್ನಲೂ ಬಾರದು. ಅದೇ ಚಿತ್ರಕಾರನು ಮುಂದೆ ಇದಕ್ಕಿಂತ ನುರಿತ ಕೈಯಿಂದ ಬರೆದ ಚಿತ್ರಗಳಿವೆ. ಇನ್ನು ಮೊದಲನೆಯದೆಂಬ ಹಿರಿಮೆಯೊಂದೇ ಸಾಕಾಗುವುದಾದರೆ, 1840ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ, ಲೋಕದ ಮೊತ್ತಮೊದಲಿನ ಅಂಟುವ ಅಂಚೆಚೀಟಿಯಾದ ‘ಪೆನ್ನಿ ಬ್ಲ್ಯಾಕ್’ ಎಲ್ಲ ಚೀಟಿಗಳಿಗಿಂತಲೂ ದುಬಾರಿಯಾಗಬೇಕಾಗಿದ್ದಿತು. ಆದರೆ ಅದು ಆರೂವರೆ ಕೋಟಿಗೂ ಮೀರಿ ಅಚ್ಚಾಗಿದ್ದಿತು. ಕಾಗದಪತ್ರಗಳನ್ನು ಜೋಪಾನ ಮಾಡುವ ಕಾಲದಲ್ಲಿ ಹುಟ್ಟಿ, ಬೇಕಾದಷ್ಟು ಉಳಿದುಕೊಂಡಿತು. ಸಾಧಾರಣ ಸಂಗ್ರಾಹಕನ ಕೈಗೂ ಎಟುಕುತ್ತದೆ. ಹಾಗಾದರೆ ಹುಡುಗರ ಈ ಚಿತ್ರಪುಸ್ತಕಕ್ಕೆ ಬಂದ ಭಾಗ್ಯವು ಯಾವುದರಿಂದ ಬಂದಿತು? ಅದು ಹುಟ್ಟಿದಾಗ ಅದಕ್ಕಿದ್ದ ಗೌರವದಿಂದಲ್ಲ. ಇಲ್ಲದಿದ್ದ ಗೌರವದಿಂದ ಎಂದೇ ಹೇಳಬೇಕಾಗುತ್ತದೆ.

ಅಮೆರಿಕೆಯ ವೃತ್ತಪತ್ರಿಕೆಗಳಲ್ಲಿ ಭಾನುವಾರದ ಚಿತ್ರಮಾಲೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಜನಪ್ರಿಯವಾಗಿದ್ದವು. ಅವನ್ನೇ ಒಟ್ಟುಮಾಡಿ ಪುಸ್ತಕರೂಪದಲ್ಲಿ ಮಾರುವ ಉಪಾಯವು 1933-34ರಲ್ಲಿ ಹೊಳೆಯಿತು. 1934ರಲ್ಲಿ ಹೊರಟ ‘ಫೇಮಸ್ ಫನ್ನೀಸ್’ ಎಂಬುದು ಅಂಗಡಿಗಳಲ್ಲಿ ಹತ್ತು ಸೆಂಟಿಗೆ ಮಾರಾಟವಾಗಿ, ಇಂತಹ ಪುಸ್ತಕಗಳಿಗೆ ಗಿರಾಕಿಗಳುಂಟೆಂಬುದನ್ನು ತೋರಿಸಿಕೊಟ್ಟಿತು. ಹಳೆಯ ಚಿತ್ರಮಾಲೆಗಳು ಮುಗಿಯುತ್ತ ಬಂದುದರಿಂದ ಪ್ರಕಾಶಕರಿಗೆ ಹೊಸ ಕಥೆಗಳು ಬೇಕಾದವು. ಕೊಡುವ ಹಣ ಮಾತ್ರ ಕಡಿಮೆ. ಒಹಾಯೊ ಸಂಸ್ಥಾನದ ಕ್ಲೀವ್‌ಲೆಂಡ್ ನಗರದ ಇಬ್ಬರು ತರುಣರು, ಜೆರಿ ಸೀಗಲ್ ಮತ್ತು ಜೋ ಶುಸ್ಟರ್, ಒಂದೇ ಶಾಲೆಯಲ್ಲಿ ಓದಿದವರು, 1914ರಲ್ಲಿ ಹುಟ್ಟಿದವರು, ಬಡ ಯಹೂದಿ ಮನೆತನದವರು, ಇಂತಹ ಒಂದು ಕಥೆಯನ್ನು ಕೈಯಲ್ಲಿ ಹಿಡಿದು ಕೆಲವು ವರ್ಷ ಅಲೆದಿದ್ದರು. ವೃತ್ತಪತ್ರಿಕೆಗಳಿಗೆ ಚಿತ್ರಮಾಲೆಗಳನ್ನು ಒದಗಿಸುವ ಸಂಸ್ಥೆಗಳು ಒಂದಾದಮೇಲೊಂದು ಅದನ್ನು ಹಿಂದಿರುಗಿಸಿದ್ದವು. ಕೊನೆಗೆ ಪುಟಕ್ಕೆ 10 ಡಾಲರಿನಂತೆ 13 ಪುಟಗಳಿಗೆ 130 ಡಾಲರನ್ನು ಕೊಟ್ಟು, ಕಥೆಯೊಂದಿಗೆ ಪಾತ್ರದ ಸಮಸ್ತ ಹಕ್ಕನ್ನೂ ಪ್ರಕಾಶಕರು ಬರೆಯಿಸಿಕೊಂಡರು.

ಕೊಂಡವರಿಗೂ ತಾವು ಕೊಂಡುದು ಏನೆಂಬುದು ತಿಳಿದಿರಲಿಲ್ಲ. ಮೊದಲನೆಯ ಸಂಚಿಕೆಯ ಹೊದಿಕೆಯ ಮೇಲೆ ಮೋಟಾರನ್ನೆತ್ತಿದ ಆ ವೀರನು ಎರಡನೆಯದರಿಂದ ಆರನೆಯದರವರೆಗಿನ ಹೊದಿಕೆಗಳ ಮೇಲೆ ಕಾಣಲೇ ಇಲ್ಲ. ಏಳನೆಯದರಲ್ಲಿ ಮರಳಿ ಬಂದನು. ನಡುವಣ ತಿಂಗಳುಗಳಲ್ಲಿ ಹುಡುಗರು ಅಂಗಡಿಗೆ ಬಂದು, ಪತ್ರಿಕೆಯ ಹೆಸರನ್ನು ಬಿಟ್ಟು, ‘ಸೂಪರ್‌ಮ್ಯಾನ್ ಇರುವ ಪುಸ್ತಕ ಕೊಡಿ’ ಎಂದು ಕೇಳಲಾರಂಭಿಸಿದ ಮೇಲೆಯೇ ಯಜಮಾನರಿಗೆ ಕಣ್ಣು ತೆರೆಯಿತು. ಒಂದು ಪಾತ್ರದ ಪ್ರಥಮ ದರ್ಶನವು ಆ ಹೊತ್ತಿನಲ್ಲಿ ಪ್ರಥಮ ದರ್ಶನವಾಗಿರುವುದೇ ಇಲ್ಲ ಎಂಬುದು ಇದರಿಂದ ತಿಳಿಯತಕ್ಕದ್ದು. ಆ ತಿಂಗಳಿನ ಹತ್ತಾರು ಕಥೆಗಳಲ್ಲಿ ಅದೂ ಒಂದು. ಎರಡನೆಯ, ನೂರನೆಯ, ಸಾವಿರದ ದರ್ಶನಗಳು ಆದಮೇಲೆಯೇ ಮೊದಲನೆಯದಕ್ಕೆ ಮೊದಲನೆಯದೆಂಬ ಪದವಿಯು ಬರುವುದು. ಆ ಪದವಿಯು ಬರುವಷ್ಟರಲ್ಲಿ ಪುಸ್ತಕವು ಮನೆಯಲ್ಲಿ ಉಳಿದಿರುವುದಿಲ್ಲ.

ಉಳಿಯದೆ ಹೋದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಬೆಲೆಯ ಅರ್ಧ ಗುಟ್ಟು ಅಲ್ಲಿಯೇ ಇದೆ. ‘ಆ್ಯಕ್ಷನ್ ಕಾಮಿಕ್ಸ್’ ಮೊದಲನೆಯ ಸಂಚಿಕೆಯು ಸುಮಾರು ಎರಡು ಲಕ್ಷ ಪ್ರತಿ ಅಚ್ಚಾಯಿತೆಂದು ಹೇಳುವರು. ಈಗ ಲೋಕದಲ್ಲಿ ಇರುವುವು ಹೆಚ್ಚುಕಡಿಮೆ ನೂರು ಎಂಬುದು ಬಲ್ಲವರ ಅಂದಾಜು. ಅಂದರೆ ಎರಡು ಸಾವಿರಕ್ಕೆ ಒಂದು ಪ್ರತಿ ಉಳಿಯಿತು. ಯುದ್ಧವೂ ಇಲ್ಲದೆ, ಪ್ರಳಯವೂ ಆಗದೆ, ಒಂದು ಅಚ್ಚಿನ ಪುಸ್ತಕವು ಇಷ್ಟು ಬೇಗ ನಶಿಸಬೇಕಾದರೆ ಅದನ್ನು ಕೈಯಾರೆ ನಾಶಮಾಡಿದವರಿರಬೇಕು. ಮೊದಲನೆಯ ನಾಶಕರ್ತನು ಓದುಗನೇ. ಹುಡುಗನು ಅದನ್ನು ಸುರುಳಿ ಸುತ್ತಿ ಚಲ್ಲಣದ ಜೇಬಿನಲ್ಲಿಟ್ಟನು, ಹಾಸಿಗೆಯ ಕೆಳಗೆ ತುರುಕಿದನು, ಗೆಳೆಯನಿಗೆ ಕೊಟ್ಟು ಬೇರೊಂದನ್ನು ತೆಗೆದುಕೊಂಡನು. ಹತ್ತು ಕೈ ಬದಲಾಗುವಷ್ಟರಲ್ಲಿ ಹೊದಿಕೆಯು ಕಿತ್ತುಹೋಯಿತು. ಮಾರಾಟವಾಗದೆ ಉಳಿದ ಪ್ರತಿಗಳ ಗತಿ ಇನ್ನೂ ಸರಳ. ಅಂಗಡಿಯವರು ಲೆಕ್ಕ ತೋರಿಸುವುದಕ್ಕಾಗಿ ಹೊದಿಕೆಯನ್ನೋ ಅದರ ಮೇಲ್ಭಾಗವನ್ನೋ ಕತ್ತರಿಸಿ ಹಿಂದಕ್ಕೆ ಕಳುಹಿಸುವ ಪದ್ಧತಿ ಆ ವ್ಯಾಪಾರದಲ್ಲಿ ರೂಢಿಯಲ್ಲಿದ್ದಿತು. ಮಿಕ್ಕ ಭಾಗವು ರದ್ದಿ.

ಬಳಿಕ ಯುದ್ಧವು ಬಂದಿತು. 1941ರ ಡಿಸೆಂಬರಿನಲ್ಲಿ ಅಮೆರಿಕೆಯು ಎರಡನೆಯ ಮಹಾಯುದ್ಧಕ್ಕೆ ಇಳಿದಮೇಲೆ ಕಾಗದಕ್ಕೆ ಅಭಾವವಾಯಿತು. ಸರಕುಗಳನ್ನು ತುಂಬುವ ಪೆಟ್ಟಿಗೆಗಳಿಗಾಗಿ ಹಳೆಯ ಕಾಗದವನ್ನು ಊರೂರಿನಲ್ಲಿ ಸಂಗ್ರಹಿಸಿದರು. ಶಾಲೆಯ ಮಕ್ಕಳೂ ಬಾಲಚಮೂದವರೂ ಕೈಗಾಡಿಗಳನ್ನೆಳೆದು ಮನೆಮನೆಗೂ ಹೋಗಿ ರದ್ದಿಯನ್ನು ತಂದು ರಾಶಿಹಾಕಿದರು. ಆ ರಾಶಿಗಳಲ್ಲಿ ತಮ್ಮ ಚಿತ್ರಪುಸ್ತಕಗಳನ್ನು ತಾವೇ ಹಾಕಿದ ಮಕ್ಕಳು ಎಷ್ಟೋ ಮಂದಿ. ದೇಶಕ್ಕಾಗಿ ಹೋರಾಡುವ ವೀರರ ಕಥೆಗಳು ದೇಶಕ್ಕಾಗಿಯೇ ತಿರುಳಾಗಿ ಕರಗಿದವು. ಯುದ್ಧ ಮುಗಿದ ಮೇಲೆ ಇನ್ನೊಂದು ಗಂಡಾಂತರ. ಈ ಪುಸ್ತಕಗಳು ಮಕ್ಕಳ ಶೀಲವನ್ನು ಕೆಡಿಸುವುವೆಂಬ ಕೂಗೆದ್ದು, 1948ರ ಅಕ್ಟೋಬರಿನಲ್ಲಿ ವೆಸ್ಟ್ ವರ್ಜೀನಿಯಾದ ಸ್ಪೆನ್ಸರ್ ಎಂಬ ಊರಿನಲ್ಲಿಯೂ, ಅದೇ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ನಿನಲ್ಲಿಯೂ ಶಾಲೆಯ ಮಕ್ಕಳೇ ಅವನ್ನು ರಾಶಿಹಾಕಿ ಸುಟ್ಟರು. ಮನೋವೈದ್ಯ ಫ್ರೆಡ್ರಿಕ್ ವರ್ದಮ್ 1954ರಲ್ಲಿ ಈ ಪುಸ್ತಕಗಳನ್ನು ಖಂಡಿಸಿ ಗ್ರಂಥವನ್ನೇ ಬರೆದನು. ಅದೇ ವರ್ಷ ಸೆನೆಟ್ ಸಭೆಯ ಉಪಸಮಿತಿಯು ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ನಿಯಮಾವಳಿಯನ್ನು ವಿಧಿಸಿಕೊಂಡರು. ಇಷ್ಟಾದಮೇಲೆ ಮಕ್ಕಳು ಪ್ರಾಯಕ್ಕೆ ಬಂದು ಕಾಲೇಜಿಗೋ ಸೈನ್ಯಕ್ಕೋ ಹೋದಾಗ ತಾಯಂದಿರು ಅಟ್ಟವನ್ನು ಗುಡಿಸಿ ಉಳಿದುದನ್ನು ಎಸೆದರೆಂದರೆ ಅವರನ್ನು ನಿಂದಿಸುವುದು ನ್ಯಾಯವಲ್ಲ. ‘ನನ್ನದೂ ಒಂದು ಇದ್ದಿತು, ಅಮ್ಮ ಎಸೆದಳು’ ಎಂಬುದು ಅಮೆರಿಕೆಯ ಒಂದು ತಲೆಮಾರಿನ ಗಂಡಸರೆಲ್ಲರ ಬಾಯಲ್ಲಿದ್ದ ಮಾತು.

ಎಲ್ಲರ ಕೈಯನ್ನೂ ತಪ್ಪಿಸಿಕೊಂಡು ಉಳಿದ ಪ್ರತಿಗಳನ್ನು ಕಾಗದವೇ ತಿನ್ನುತ್ತಿದ್ದಿತು. ಮರವನ್ನು ಅರೆದು ಮಾಡುವ ಅಗ್ಗದ ಕಾಗದದಲ್ಲಿ ಮರದ ಅಂಟಿನಂಶವು ಉಳಿದುಕೊಂಡು, ಗಾಳಿಬೆಳಕುಗಳ ಸೋಂಕಿನಿಂದ ಆಮ್ಲವು ಹುಟ್ಟಿ, ಹಾಳೆಯು ಹಳದಿಯಾಗಿ, ಕಂದಾಗಿ, ಕೊನೆಗೆ ಮುಟ್ಟಿದರೆ ಹಪ್ಪಳದಂತೆ ಮುರಿಯುವುದು. ಓಲೆಯ ಗರಿಯು ನಾನೂರು ವರ್ಷ ಬಾಳುವುದನ್ನು ಕಂಡ ನಾಡಿನವರಿಗೆ ಈ ಅಲ್ಪಾಯುಸ್ಸು ವಿಚಿತ್ರವಾಗಿ ತೋರಬಹುದು.

ಹೀಗೆ ಒಂದು ಕಡೆಯಲ್ಲಿ ನಾಶ. ಇನ್ನೊಂದು ಕಡೆಯಲ್ಲಿ ಏನಾಯಿತೆಂದರೆ, ಪುಸ್ತಕವು ಸತ್ತರೂ ಪಾತ್ರವು ಸಾಯಲಿಲ್ಲ. ಸೂಪರ್‌ಮ್ಯಾನನು ರೇಡಿಯೋವಿಗೆ ಬಂದನು, ಚಲಚ್ಚಿತ್ರಕ್ಕೆ ಬಂದನು, ಟೆಲಿವಿಷನ್ನಿಗೆ ಬಂದನು. ತಿಂಗಳು ತಿಂಗಳೂ ಹೊಸ ಕಥೆಗಳು ಬರುತ್ತಲೇ ಇದ್ದವು. 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 27ನೆಯ ಸಂಚಿಕೆಯಲ್ಲಿ ಕಾಣಿಸಿಕೊಂಡ ಬ್ಯಾಟ್‌ಮ್ಯಾನನ ಗತಿಯೂ ಹಾಗೆಯೇ. ಅದೇ ಕಾಲದಲ್ಲಿ ಹುಟ್ಟಿದ ವೀರರು ನೂರಾರು ಮಂದಿ. ಅವರಲ್ಲಿ ಬಹುಪಾಲು ಎರಡು ಮೂರು ವರ್ಷ ಬಾಳಿ ಅಳಿದರು. ಅವರ ಪ್ರಥಮ ದರ್ಶನಗಳೂ ವಿರಳವೇ, ಕೆಲವು ಇನ್ನೂ ವಿರಳ. ಆದರೂ ಅವುಗಳಿಗೆ ಈ ಬೆಲೆಯಿಲ್ಲ. ಅಭಾವವೊಂದೇ ಬೆಲೆಯನ್ನು ತರಲಾರದು. ಅಗಲಿದುದನ್ನು ನೆನೆಯುವವರು ಬೇಕು. ನೆನೆಯುವವರನ್ನು ದಿನದಿನವೂ ಹುಟ್ಟಿಸುತ್ತಿದ್ದುದು ಪಾತ್ರದ ಚಿರಂಜೀವಿತ್ವ.

ನೆನೆದವರಲ್ಲಿ ಮೊದಲಿಗರು 1930-40ರ ದಶಕಗಳಲ್ಲಿ ಮಕ್ಕಳಾಗಿದ್ದು 1960ರ ಸುಮಾರಿಗೆ ಸಂಬಳ ತರುವ ಗೃಹಸ್ಥರಾದವರು. ಇವರಲ್ಲಿ ಉಪಾಧ್ಯಾಯರೂ ಲೇಖಕರೂ ಇದ್ದರು. ಡೆಟ್ರಾಯಿಟ್ಟಿನಲ್ಲಿ ಕಾಲೇಜು ಅಧ್ಯಾಪಕನಾಗಿದ್ದ ಜೆರಿ ಬೇಲ್ಸ್ 1961ರಲ್ಲಿ ‘ಆಲ್ಟರ್ ಈಗೊ’ ಎಂಬ ಪತ್ರಿಕೆಯನ್ನು ಸ್ವಂತ ಖರ್ಚಿನಿಂದ ಹೊರಡಿಸಿದನು. ಯಾವ ವೀರನು ಯಾವ ಸಂಚಿಕೆಯಲ್ಲಿ ಮೊದಲು ಬಂದನು, ಯಾರು ಬರೆದರು, ಯಾರು ಚಿತ್ರಿಸಿದರು ಎಂಬುದನ್ನು ಶಾಸನಗಳನ್ನು ಓದುವ ವಿದ್ವಾಂಸರ ಶ್ರದ್ಧೆಯಿಂದ ಇವರು ಪಟ್ಟಿಮಾಡತೊಡಗಿದರು. ಅಂದು ಬಹುಮಟ್ಟಿಗೆ ಕಥೆಗಳಲ್ಲಿ ಬರೆದವರ ಹೆಸರೇ ಇರುತ್ತಿರಲಿಲ್ಲವಾದುದರಿಂದ ಇದು ಸುಲಭದ ಕೆಲಸವಾಗಿರಲಿಲ್ಲ. ಬ್ಯಾಟ್‌ಮ್ಯಾನನ ಕಥೆಗಳ ಮೇಲೆ ಬಾಬ್ ಕೇನನ ಹೆಸರು ಮಾತ್ರ ಇರುತ್ತಿದ್ದಿತು; ಆ ಪಾತ್ರಕ್ಕೆ ರೂಪವನ್ನೂ ಮೊದಲ ಕಥೆಯನ್ನೂ ಕೊಟ್ಟ ಬಿಲ್ ಫಿಂಗರನು 1974ರಲ್ಲಿ ಬಡತನದಲ್ಲಿಯೇ ತೀರಿಕೊಂಡನು; ಅವನ ಹೆಸರು ಅಧಿಕೃತವಾಗಿ ಅಚ್ಚಾದುದು 2015ರಲ್ಲಿ. ಸಂಗ್ರಾಹಕರ ಮರುಳೆಂದು ಲೋಕವು ನಕ್ಕ ಈ ಪಟ್ಟಿಮಾಡುವ ಕೆಲಸವು ಇಲ್ಲದಿದ್ದರೆ ಅಂತಹವರ ಹೆಸರು ಸಂಪೂರ್ಣವಾಗಿ ಅಳಿದುಹೋಗುತ್ತಿದ್ದಿತು. ಬೆಲೆಯ ಕಥೆಯಲ್ಲಿ ಇಷ್ಟನ್ನು ಸಂಗ್ರಾಹಕರ ಪರವಾಗಿ ಹೇಳಲೇಬೇಕು.

ಪಟ್ಟಿಯ ಬೆನ್ನಿಗೆ ಬೆಲೆಯೂ ಬಂದಿತು. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಎಂಬವನು ಹಳೆಯ ಚಿತ್ರಪುಸ್ತಕಗಳ ಬೆಲೆಗಳನ್ನು ಕ್ರಮವಾಗಿ ಬರೆದ ಒಂದು ಕೈಪಿಡಿಯನ್ನು ಅಚ್ಚುಹಾಕಿಸಿದನು. ಅವನ ಊರಿನ ಹೆಸರೂ ಕ್ಲೀವ್‌ಲೆಂಡ್. ಆದರೆ ಇದು ಟೆನೆಸೀ ಸಂಸ್ಥಾನದ್ದು, ಸೂಪರ್‌ಮ್ಯಾನನ ತವರಲ್ಲ. ವರ್ಷವರ್ಷವೂ ಪರಿಷ್ಕಾರವಾಗುತ್ತ ಬಂದ ಆ ಕೈಪಿಡಿಯು ವ್ಯಾಪಾರಿಗಳಿಗೆ ಪಂಚಾಂಗವಾಯಿತು. ಯಾವ ಸಂಚಿಕೆಯಲ್ಲಿ ಯಾವ ಪಾತ್ರದ ಪ್ರಥಮ ದರ್ಶನವೆಂಬುದನ್ನು ಬೆಲೆಯ ಪಕ್ಕದಲ್ಲಿಯೇ ಅದು ಬರೆಯುತ್ತಿದ್ದುದರಿಂದ, ವಿದ್ವಾಂಸರ ಟಿಪ್ಪಣಿಯು ವರ್ತಕರ ದರವಾಗಿ ಮಾರ್ಪಟ್ಟಿತು. ಅದುವರೆಗೆ ಓದುವುದಕ್ಕಾಗಿ ಹುಡುಕುತ್ತಿದ್ದವರ ನಡುವೆ, ಇಟ್ಟುಕೊಂಡು ಮಾರುವುದಕ್ಕಾಗಿ ಹುಡುಕುವವರೂ ಸೇರಿಕೊಂಡರು. 1977ರಲ್ಲಿ ಕೊಲರಾಡೊ ಸಂಸ್ಥಾನದಲ್ಲಿ ಎಡ್ಗರ್ ಚರ್ಚ್ ಎಂಬ ಚಿತ್ರಕಾರನ ಮನೆಯಿಂದ ಸಾವಿರಾರು ಪುಸ್ತಕಗಳ ರಾಶಿಯೊಂದು ಹೊರಬಂದು ಇವರನ್ನೆಲ್ಲ ಬೆರಗುಗೊಳಿಸಿತು. ಒಂದರ ಮೇಲೊಂದು ಒತ್ತಾಗಿ ಜೋಡಿಸಿಟ್ಟುದರಿಂದ ಗಾಳಿಬೆಳಕುಗಳು ತಾಕದೆ, ಅಲ್ಲಿಯ ಒಣ ಹವೆಯಲ್ಲಿ ಅವು ನಿನ್ನೆ ಅಂಗಡಿಯಿಂದ ತಂದಂತೆ ಇದ್ದವು. ಆ ರಾಶಿಯ ಪ್ರತಿಯೆಂದರೆ ಇಂದಿಗೂ ಒಂದು ಕುಲಗೌರವ. ಒಳ್ಳೆಯ ತಳಿಯ ಹಸುವಿಗೆ ವಂಶವನ್ನು ಹೇಳುವಂತೆ ಈ ಪುಸ್ತಕಗಳಿಗೂ ಯಾವ ಮನೆಯಿಂದ ಬಂದುವೆಂಬುದನ್ನು ಹೇಳುವರು.

‘ಪ್ರಥಮ ದರ್ಶನ’ವೆಂದರೆ ಯಾವುದು ಎಂಬಲ್ಲಿ ಸ್ವಾರಸ್ಯವಾದ ಜಿಜ್ಞಾಸೆಗಳು ಹುಟ್ಟಿಕೊಂಡವು. ಪತ್ರಿಕೆಯ ಒಂದನೆಯ ಸಂಚಿಕೆಯೇ ಪಾತ್ರದ ಮೊದಲನೆಯದೂ ಆಗಬೇಕೆಂಬ ನಿಯಮವಿಲ್ಲ. ಬ್ಯಾಟ್‌ಮ್ಯಾನನದು 27, ಸ್ಪೈಡರ್‌ಮ್ಯಾನನದು 1962ರ ಆಗಸ್ಟಿನ ‘ಅಮೇಜಿಂಗ್ ಫ್ಯಾಂಟಸಿ’ 15. ಈ ಎರಡನೆಯದಂತೂ ಆ ಪತ್ರಿಕೆಯ ಕಟ್ಟಕಡೆಯ ಸಂಚಿಕೆ. ಜೇಡರಹುಳುವಿನ ಹೆಸರಿನ ನಾಯಕನು ಜನಕ್ಕೆ ಹಿಡಿಸನೆಂದು ಪ್ರಕಾಶಕನಿಗೆ ಅನುಮಾನ. ಹೇಗೂ ನಿಲ್ಲಲಿರುವ ಪತ್ರಿಕೆಯಲ್ಲಿ ಹಾಕಿದರೆ ನಷ್ಟವಿಲ್ಲವೆಂದು ಹಾಕಿಸಿದರೆಂದು ಲೇಖಕ ಸ್ಟ್ಯಾನ್ ಲೀ ಹೇಳುತ್ತಿದ್ದನು. ಮಾರಾಟದ ಲೆಕ್ಕ ಬಂದಮೇಲೆ ಮುಂದಿನ ವರ್ಷ ಆ ಪಾತ್ರಕ್ಕೆ ಬೇರೆ ಪತ್ರಿಕೆಯನ್ನೇ ತೆರೆದರು. ಈ 12 ಸೆಂಟಿನ ಸಂಚಿಕೆಯ ಒಂದು ಪ್ರತಿಯು 2021ರಲ್ಲಿ 36 ಲಕ್ಷ ಡಾಲರಿಗೆ ಹೋಯಿತು. ನಮ್ಮ ದೇಶದಲ್ಲಿಯೂ ಸಂಖ್ಯೆಯ ಇಂತಹ ವಿನೋದವೊಂದುಂಟು: ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು ಸಂಪಾದಿಸಿದ ‘ಅಮರ ಚಿತ್ರಕಥಾ’ ಮಾಲೆಯಲ್ಲಿ ಮೊದಲ ಹತ್ತು ಸಂಖ್ಯೆಗಳು ಪಾಶ್ಚಾತ್ಯ ಮಕ್ಕಳ ಕಥೆಗಳಿಗೆ ಸಂದುಹೋಗಿ, ಭಾರತೀಯ ಕಥೆಗಳಲ್ಲಿ ಮೊದಲನೆಯದಾದ ‘ಕೃಷ್ಣ’ ಹನ್ನೊಂದನೆಯದಾಯಿತು.

ಇನ್ನೂ ಸೂಕ್ಷ್ಮವಾದ ವಿವಾದವು ವುಲ್ವರಿನ್ ಎಂಬ ಪಾತ್ರದ್ದು. 1974ರ ‘ಇನ್‌ಕ್ರೆಡಿಬಲ್ ಹಲ್ಕ್’ 180ನೆಯ ಸಂಚಿಕೆಯ ಕೊನೆಯ ಚಿತ್ರದಲ್ಲಿ ಅವನು ಒಮ್ಮೆ ಕಾಣಿಸಿಕೊಳ್ಳುವನು. ಅವನ ಕಾಳಗವೆಲ್ಲ ನಡೆಯುವುದು 181ರಲ್ಲಿ. ಯಕ್ಷಗಾನದಲ್ಲಿ ಹಿಡಿದ ತೆರೆಯ ಮೇಲೆ ಕಿರೀಟದ ತುದಿಯು ಅಲುಗಿದಾಗಲೇ ವೇಷವು ಬಂದಿತೆನ್ನಬೇಕೋ, ತೆರೆ ಸರಿದು ಹೆಜ್ಜೆಯಿಟ್ಟ ಮೇಲೆ ಬಂದಿತೆನ್ನಬೇಕೋ? ವ್ಯಾಕರಣದ ದೃಷ್ಟಿಯಿಂದ 180 ಮೊದಲನೆಯದು. ಪೇಟೆಯು ಮಾತ್ರ 181ನ್ನೇ ಪ್ರಥಮ ದರ್ಶನವೆಂದು ಒಪ್ಪಿ ಅದಕ್ಕೆ ಹಲವು ಪಟ್ಟು ಹೆಚ್ಚು ಬೆಲೆ ಕಟ್ಟಿತು. ಕೊನೆಗೆ ‘ಮೊದಲು’ ಎಂಬುದು ಕಾಲದ ಅಳತೆಯಲ್ಲ, ಜನರ ಸಮ್ಮತಿ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಅದೇ ಸಂಚಿಕೆಗೆ ಇನ್ನೊಂದು ಆಪತ್ತು ಒದಗಿತು. ಓದುಗರು ಕತ್ತರಿಸಿ ಪುಸ್ತಕವೊಂದರಲ್ಲಿ ಅಂಟಿಸಲೆಂದು ಪ್ರಕಾಶಕರು ಆ ವರ್ಷದ ಸಂಚಿಕೆಗಳ ಒಳಗೆ ಸಣ್ಣ ಚಿತ್ರಚೀಟಿಗಳನ್ನು ಅಚ್ಚುಹಾಕುತ್ತಿದ್ದರು; ಹೇಳಿದ ಮಾತನ್ನು ಕೇಳಿದ ವಿಧೇಯ ಮಕ್ಕಳು ಕತ್ತರಿ ಹಾಕಿದರು. ಚೀಟಿಯಿಲ್ಲದ ಪ್ರತಿಯ ಬೆಲೆಯು ಇಂದು ಬಹಳ ಇಳಿಯುವುದು. ಆದುದರಿಂದ ಕೊಳ್ಳುವವನು ವುಲ್ವರಿನ್ನನ ಮುಖವನ್ನು ನೋಡುವುದಕ್ಕೆ ಮೊದಲು ಓದುಗರ ಪತ್ರಗಳ ಪುಟವನ್ನು ತೆರೆದು ನೋಡುವನು.

ಈ ನೋಡುವ ಕೆಲಸವು 2000ದಿಂದ ಈಚೆಗೆ ಬೇರೊಬ್ಬರ ಪಾಲಾಗಿದೆ. ಆ ವರ್ಷ ಸ್ಥಾಪಿತವಾದ ಸಂಸ್ಥೆಯೊಂದು ಪುಸ್ತಕವನ್ನು ಪರೀಕ್ಷಿಸಿ, ಪಿನ್ನಿನ ತುಕ್ಕು, ಬೆನ್ನಿನ ಸುಕ್ಕು, ಹಾಳೆಯ ಬಿಳುಪು ಇವನ್ನೆಲ್ಲ ಅಳೆದು, ಹತ್ತಕ್ಕೆ ಇಷ್ಟೆಂದು ಅಂಕವನ್ನು ಕೊಟ್ಟು, ಗಟ್ಟಿಯಾದ ಪಾರದರ್ಶಕ ಪೆಟ್ಟಿಗೆಯಲ್ಲಿ ಮುದ್ರೆಮಾಡಿ ಹಿಂದಿರುಗಿಸುವುದು. 60 ಲಕ್ಷಕ್ಕೆ ಹೋದ ಪ್ರತಿಗೆ ಬಂದ ಅಂಕ ಎಂಟೂವರೆ. ಹರಿದುದನ್ನು ನಾಜೂಕಾಗಿ ಅಂಟಿಸಿ ಮಾಸಿದುದಕ್ಕೆ ಬಣ್ಣ ತುಂಬಿದ ಪ್ರತಿಗೆ ಅದನ್ನು ಸಾರುವ ಬೇರೆ ಬಣ್ಣದ ಚೀಟಿ. ಅದಕ್ಕೆ ಬೆಲೆ ಕಡಿಮೆ. ಹಳೆಯ ವರ್ಣಚಿತ್ರಕ್ಕೆ ದುರಸ್ತಿಯು ಸೇವೆ; ಈ ಪುಸ್ತಕಕ್ಕೆ ಅದು ಕಳಂಕ. ಪೆಟ್ಟಿಗೆಯನ್ನು ಒಡೆದರೆ ಅಂಕವು ಹೋಗುವುದಾದುದರಿಂದ ಒಡೆಯನೂ ಅದನ್ನು ಓದುವಂತಿಲ್ಲ. ಸರಸ್ವತೀಪೂಜೆಯ ದಿನ ಓಲೆಯ ಕಟ್ಟಿಗೆ ಹೂವೇರಿಸಿ, ದಾರವನ್ನು ಬಿಚ್ಚದೆ ಮತ್ತೆ ಪೆಟ್ಟಿಗೆಯೊಳಗಿಡುವ ಮನೆಗಳನ್ನು ಕಂಡವರಿಗೆ ಇದು ಅಪರಿಚಿತ ದೃಶ್ಯವಲ್ಲ.

ಈ ವ್ಯಾಪಾರದ ನಿಯಮವನ್ನು ತಪ್ಪಾಗಿ ತಿಳಿದವರು ಪಟ್ಟ ಪಾಡನ್ನೂ ಹೇಳಬೇಕು. 1980ರ ದಶಕದಲ್ಲಿ ಹಳೆಯ ಸಂಚಿಕೆಗಳ ಬೆಲೆಗಳು ವೃತ್ತಪತ್ರಿಕೆಗಳ ಸುದ್ದಿಯಾದ ಮೇಲೆ, ಹೊಸವನ್ನು ಇಂದೇ ಕೊಂಡಿಟ್ಟರೆ ನಾಳೆ ಐಶ್ವರ್ಯವೆಂದು ಜನ ನಂಬಿದರು. ಪ್ರಕಾಶಕರು ಆ ನಂಬಿಕೆಗೆ ಎಣ್ಣೆ ಹೊಯ್ದರು. ಒಂದೇ ಸಂಚಿಕೆಗೆ ನಾಲ್ಕೈದು ಬಗೆಯ ಹೊದಿಕೆ, ಹೊಳೆಯುವ ಹೊದಿಕೆ, ಚೀಲದಲ್ಲಿಟ್ಟು ಮುಚ್ಚಿದ ಪ್ರತಿ. 1991ರ ‘ಎಕ್ಸ್-ಮೆನ್’ 1ನೆಯ ಸಂಚಿಕೆಯು 80 ಲಕ್ಷಕ್ಕೂ ಮೀರಿ ಹೋಯಿತು. 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನನು ಸಾಯುವ ಸಂಚಿಕೆಯನ್ನು ಕಪ್ಪು ಚೀಲದಲ್ಲಿಟ್ಟು ಮಾರಿದಾಗ ಅಂಗಡಿಗಳ ಮುಂದೆ ಜನರು ಸಾಲುಗಟ್ಟಿದರು. ಒಬ್ಬೊಬ್ಬರು ಹತ್ತು ಪ್ರತಿಗಳನ್ನು ಕೊಂಡು ಚೀಲವನ್ನು ಹರಿಯದೆ ಇಟ್ಟರು. ಎಲ್ಲರೂ ಇಟ್ಟುದರಿಂದ ಎಲ್ಲವೂ ಉಳಿಯಿತು. ಎಲ್ಲವೂ ಉಳಿದುದರಿಂದ ಯಾವುದಕ್ಕೂ ಬೆಲೆ ಬರಲಿಲ್ಲ. ಸೂಪರ್‌ಮ್ಯಾನನಂತೂ ವರ್ಷ ತುಂಬುವುದರೊಳಗೆ ಮತ್ತೆ ಎದ್ದು ಬಂದನು. ಕೆಲವೇ ವರ್ಷಗಳಲ್ಲಿ ಅಂಗಡಿಗಳು ಸಾಲುಸಾಲಾಗಿ ಮುಚ್ಚಿದವು. ಸ್ಪೈಡರ್‌ಮ್ಯಾನನ ಪ್ರಕಾಶಕರಾದ ಮಾರ್ವೆಲ್ ಸಂಸ್ಥೆಯೇ 1996ರ ಡಿಸೆಂಬರಿನಲ್ಲಿ ದಿವಾಳಿಯ ಅರ್ಜಿ ಹಾಕಿತು. 1938ರ ಹುಡುಗನು ಓದಿ ಹಾಳುಮಾಡಿದ ಪುಸ್ತಕವು ಅಮೂಲ್ಯವಾಯಿತು. 1992ರ ಗೃಹಸ್ಥನು ಓದದೆ ಕಾಪಾಡಿದ ಪುಸ್ತಕವು ಪೆಟ್ಟಿಗೆಯ ಭಾರವಾಯಿತು.

ಚಲಚ್ಚಿತ್ರಗಳ ಪ್ರಭಾವವನ್ನು ಇಲ್ಲಿ ಬೆಳೆಸಬೇಕಾಗಿಲ್ಲ. 2008ರಿಂದ ಈಚೆಗೆ ಮಾರ್ವೆಲ್ ಪಾತ್ರಗಳ ಚಿತ್ರಗಳು ಒಂದರ ಹಿಂದೊಂದು ಬಂದಾಗ, ಯಾರೂ ಕೇಳದಿದ್ದ ಉಪಪಾತ್ರಗಳ ಮೊದಲ ಸಂಚಿಕೆಗಳು ಚಿತ್ರದ ಘೋಷಣೆಯಾದ ವಾರದಲ್ಲಿಯೇ ಏರಿ, ಚಿತ್ರವು ಸೋತರೆ ಇಳಿದವು. ಇದು ಜೂಜಿಗೆ ಸಮೀಪವಾದುದು.

ಇಷ್ಟೆಲ್ಲ ನಿಯಮಗಳನ್ನು ಹೇಳಿದ ಮೇಲೆ ಅವಕ್ಕೆ ಒಗ್ಗದ ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. 2025ರ ನವೆಂಬರಿನಲ್ಲಿ 91 ಲಕ್ಷ ಡಾಲರಿಗೂ ಮೀರಿ ಮಾರಾಟವಾದುದು ಪ್ರಥಮ ದರ್ಶನವಲ್ಲ. ಅದು 1939ರ ‘ಸೂಪರ್‌ಮ್ಯಾನ್’ 1ನೆಯ ಸಂಚಿಕೆ, ಬಹುಪಾಲು ಆಗಲೇ ಅಚ್ಚಾಗಿದ್ದ ಕಥೆಗಳ ಮರುಮುದ್ರಣ. ಒಬ್ಬ ವೀರನ ಹೆಸರಿನಲ್ಲಿಯೇ ಹೊರಟ ಪತ್ರಿಕೆಯ ಮೊದಲನೆಯ ಸಂಖ್ಯೆಯೆಂಬ ಗೌರವವು ಅದಕ್ಕಿದ್ದಿತು. ಅದಕ್ಕಿಂತ ಹೆಚ್ಚಾಗಿ ಹತ್ತಕ್ಕೆ ಒಂಬತ್ತು ಅಂಕದ ಸುಸ್ಥಿತಿಯಿದ್ದಿತು. ಕ್ಯಾಲಿಫೋರ್ನಿಯಾದ ಮನೆಯೊಂದರಲ್ಲಿ ತಾಯಿಯು ತೀರಿಕೊಂಡ ಮೇಲೆ ಮೂವರು ಮಕ್ಕಳು ಅಟ್ಟವನ್ನು ಸೋಸುವಾಗ ಹಳೆಯ ವೃತ್ತಪತ್ರಿಕೆಗಳ ಅಡಿಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಅದು ಸಿಕ್ಕಿತು. ತನ್ನಲ್ಲಿ ಹಳೆಯ ಚಿತ್ರಪುಸ್ತಕಗಳಿವೆಯೆಂದು ಆ ತಾಯಿಯು ಮಕ್ಕಳಿಗೆ ಹೇಳುತ್ತಿದ್ದಳಂತೆ. ಒಂದು ತಲೆಮಾರೆಲ್ಲ ಅಮ್ಮಂದಿರ ಮೇಲೆ ಹೊರಿಸಿದ ಅಪವಾದಕ್ಕೆ ಒಬ್ಬ ಅಮ್ಮನಾದರೂ ಹೊರತಾದಳು.

ಇನ್ನು ಆ ಪಾತ್ರವನ್ನು ಹೆತ್ತವರ ವಿಷಯ. ಸೂಪರ್‌ಮ್ಯಾನನಿಂದ ಪ್ರಕಾಶಕರಿಗೆ ಹಣದ ಹೊಳೆ ಹರಿಯುತ್ತಿದ್ದಾಗ ಸೀಗಲ್ ಮತ್ತು ಶುಸ್ಟರ್ ಸಂಬಳಕ್ಕೆ ದುಡಿಯುವ ಕೆಲಸಗಾರರಾಗಿದ್ದರು. 1947ರಲ್ಲಿ ಹಕ್ಕಿಗಾಗಿ ದಾವೆ ಹೂಡಿದರು; 1948ರಲ್ಲಿ ಅಲ್ಪಮೊತ್ತಕ್ಕೆ ರಾಜಿಯಾಗಿ ಹಕ್ಕನ್ನು ಬಿಟ್ಟುಕೊಡಬೇಕಾಯಿತು; ಅವರ ಹೆಸರುಗಳೂ ಕಥೆಯ ಮೇಲಿನಿಂದ ಮಾಯವಾದವು. ಶುಸ್ಟರನ ಕಣ್ಣು ಮಂದವಾಯಿತು. ಚಿತ್ರ ಬರೆಯುವ ಕೈಗೆ ಕೆಲಸವಿಲ್ಲದಾಯಿತು. ಸೀಗಲ್ಲನು ಗುಮಾಸ್ತನಾದನು. ಸೂಪರ್‌ಮ್ಯಾನನ ಬಗ್ಗೆ ಭಾರಿ ಚಲಚ್ಚಿತ್ರವು ಸಿದ್ಧವಾಗುವುದೆಂಬ ಸುದ್ದಿಯು 1975ರಲ್ಲಿ ಬಂದಾಗ, ಅವನು ತಮ್ಮ ಪಾಡನ್ನು ಪತ್ರಿಕೆಗಳಿಗೆ ಬರೆದು ತಿಳಿಸಿದನು. ಚಿತ್ರಕಾರರ ಸಂಘಗಳು ಬೆಂಬಲಕ್ಕೆ ನಿಂತವು. ಆ ವರ್ಷದ ಡಿಸೆಂಬರಿನಲ್ಲಿ ಒಡೆತನದ ಸಂಸ್ಥೆಯು ಇಬ್ಬರಿಗೂ ವರ್ಷಕ್ಕೆ 20,000 ಡಾಲರಿನಂತೆ ವಿಶ್ರಾಂತಿವೇತನವನ್ನು ಗೊತ್ತುಮಾಡಿ, ಹೆಸರುಗಳನ್ನು ಮತ್ತೆ ಅಚ್ಚುಮಾಡಲು ಒಪ್ಪಿತು. ಅವರು ಹೊಲಿದ ಬೀಜದ ಮೊದಲ ಎಲೆಯಾದ ಆ ಸಂಚಿಕೆಯು ಆಗಲೇ ಸಂಗ್ರಾಹಕರ ಕೈಯಲ್ಲಿ ಸಾವಿರಾರು ಡಾಲರಿಗೆ ಹೊರಳುತ್ತಿದ್ದಿತು; ಅದರಲ್ಲಿ ಒಂದು ಸೆಂಟಿಗೂ ಅವರು ಬಾಧ್ಯರಲ್ಲ. ಶುಸ್ಟರ್ 1992ರಲ್ಲಿಯೂ ಸೀಗಲ್ 1996ರಲ್ಲಿಯೂ ತೀರಿಕೊಂಡರು.

ಆ 130 ಡಾಲರಿನ ಚೆಕ್ಕು ಉಳಿದಿತ್ತು. 1938ರ ಮಾರ್ಚ್ 1ನೆಯ ತಾರೀಖಿನ ಆ ಚೆಕ್ಕಿನಲ್ಲಿ, ಬೇರೆ ಕಥೆಗಳಿಗೆ ಸಲ್ಲಬೇಕಾದುದೂ ಸೇರಿ ಒಟ್ಟು 412 ಡಾಲರು ನಮೂದಾಗಿದ್ದವು. ಯಾವುದೋ ವ್ಯಾಜ್ಯದಲ್ಲಿ ಸಾಕ್ಷ್ಯಕ್ಕೆ ಹಾಜರಾಗಿ, ರದ್ದಿಯ ಪಾಲಾಗಬೇಕಾದುದನ್ನು ಯಾರೋ ಒಬ್ಬರು ಎತ್ತಿಟ್ಟುಕೊಂಡುದರಿಂದ ಅದು ಪಾರಾಯಿತು. 2012ರ ಏಪ್ರಿಲಿನಲ್ಲಿ ಆ ತುಂಡು ಕಾಗದವೇ ಹರಾಜಿಗೆ ಬಂದು 1,60,000 ಡಾಲರಿಗೆ ಹೋಯಿತು. ಚೆಕ್ಕಿನ ಮುಂಭಾಗದಲ್ಲಿ ಹೆಸರುಗಳನ್ನು ತಪ್ಪಾಗಿ ಬರೆಯಲಾಗಿತ್ತು. ಆದುದರಿಂದ ಹಣ ಪಡೆಯುವುದಕ್ಕಾಗಿ ಆ ಇಬ್ಬರು ತರುಣರೂ ಅದರ ಬೆನ್ನಿನ ಮೇಲೆ, ತಪ್ಪಾದ ರೀತಿಯಲ್ಲೊಮ್ಮೆ, ಸರಿಯಾದ ರೀತಿಯಲ್ಲೊಮ್ಮೆ, ಎರಡೆರಡು ಸಲ ರುಜು ಮಾಡಿದ್ದಾರೆ.